ಹಾಸನ ಕೋರ್ಟಿನ ಮೀಡಿಯೇಶನ್‌ಗೆ ಐದಕ್ಕೆ ಐದು

ನಾನು, ಹೆಂಡತಿ ಬೇರೆಯಾಗಿ ಎರಡು ವರ್ಷ ಆಯ್ತು. ಇಬ್ಬರೂ ಹಾಸನದಲ್ಲೇ ಇದ್ದೇವೆ. ನಾನು ಸಾಲಗಾಮೆ ರಸ್ತೆ ಕಡೆ, ಅವಳು ವಿದ್ಯಾನಗರ. ಮೂರನೇ ಕ್ಲಾಸಿನ ಮಗಳು ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಆ ವಿಷಯಕ್ಕೆ ನಮ್ಮಲ್ಲಿ ಜಗಳ ಇರಲಿಲ್ಲ. ಜಗಳ ಎಲ್ಲಾ ದುಡ್ಡಿಗೆ.

"ತಿಂಗಳಲ್ಲಿ ಅರ್ಧದಷ್ಟು ದಿನ ಮಗೂನ ನೀವೇ ನೋಡ್ಕೊಳ್ತೀರಲ್ಲ, ಒಂದ್ರೂಪಾಯಿ ಕೊಡಬೇಕಾಗಿಲ್ಲ" ಅಂತ ಫೀಸು ತಗೊಂಡ ವಕೀಲರೊಬ್ಬರು ಹೇಳಿದ್ದರು. ನನಗೂ ಅದೇ ಹಿತವಾಗಿತ್ತು. ಅಷ್ಟರಲ್ಲಿ ಜಡ್ಜ್ ನಮ್ಮನ್ನು ಮೀಡಿಯೇಶನ್‌ಗೆ ಕಳಿಸಿದರು. ಅಂದರೆ ಜಡ್ಜ್ ತೀರ್ಪು ಕೊಡೋ ಬದಲು ಮಧ್ಯಸ್ಥರೊಬ್ಬರು ಇಬ್ಬರನ್ನೂ ಕೂರಿಸಿ ಮಾತಾಡಿಸಿ ಒಪ್ಪಂದಕ್ಕೆ ತರೋದು. ಅದಕ್ಕೆ ಖರ್ಚೇನೂ ಆಗಲಿಲ್ಲ.

ಧೈರ್ಯಕ್ಕೆ ಅಂತ ಭಾವನನ್ನು ಕರ್ಕೊಂಡು ಹೋಗಿದ್ದೆ. ಮೀಡಿಯೇಟರ್ ಮೇಡಂ ನಗುತ್ತಲೇ ಭಾವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಆಡಿದ ಮಾತು ಜಡ್ಜ್ ತನಕ ಹೋಗಲ್ಲ ಅಂತ ಮೊದಲೇ ಹೇಳಿದರು. ನಾನು ವಕೀಲರ ಮಾತನ್ನೇ ಒಪ್ಪಿಸಿದೆ. ಮೇಡಂ ಕೇಳಿದ್ದು ಇಷ್ಟೇ: "ಮಗು ನಿಮ್ಮ ಮನೇಲಿದ್ದ ವಾರ ಸ್ಕೂಲ್ ಫೀಸು, ವ್ಯಾನ್ ಫೀಸು ನಿಂತುಹೋಗುತ್ತಾ ಸರ್?"

ನನ್ನ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಒಂದು ಬಿಳಿ ಹಾಳೆ ತೆಗೆದು ಬರೆಸಿದರು. ಫೀಸು, ವ್ಯಾನ್, ಡಾಕ್ಟರು, ಬಟ್ಟೆ, ಕನ್ನಡಕ. ಕನ್ನಡಕ ಬಂದಿರೋದೇ ನನಗೆ ಗೊತ್ತಿರಲಿಲ್ಲ, ಅದು ಅಮ್ಮನ ಮನೆಯಲ್ಲೇ ಉಳಿಯುತ್ತಿತ್ತಂತೆ. ಎಲ್ಲಾ ಸೇರಿ ತಿಂಗಳಿಗೆ 9,000. ನನ್ನ ಸಂಪಾದನೆ 42,000, ಅವಳದು 18,000. ಅದೇ ಲೆಕ್ಕದಲ್ಲಿ ಹಂಚಿದರೆ ನನ್ನ ಪಾಲು 6,300. ಬಿಲ್ಲು ಕಟ್ಟೋದು ಅವಳೇ ಆದ್ದರಿಂದ ಪ್ರತಿ 5ನೇ ತಾರೀಕಿನೊಳಗೆ ಅವಳ ಖಾತೆಗೆ ಹಾಕಬೇಕು. ಊಟ ತಿಂಡಿ ಅವರವರ ಮನೇದು.

ಇದು ಕಾನೂನಿನ ಫಾರ್ಮುಲಾ ಅಲ್ಲ, ನೀವೇ ಒಪ್ಪಿಕೊಂಡ ಲೆಕ್ಕ ಅಂತ ಮೇಡಂ ಎರಡು ಸಲ ಹೇಳಿದರು. ಇಂತಿಷ್ಟೇ ಪರ್ಸೆಂಟ್ ಅಂತ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲವಂತೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮಕ್ಕಳನ್ನು ಸಾಕುವ ಹೊಣೆ ಅಪ್ಪ ಅಮ್ಮ ಇಬ್ಬರದೂ. ದಿನ ಸಮ ಇದ್ದ ಮಾತ್ರಕ್ಕೆ ಆ ಹೊಣೆ ತಪ್ಪಿಹೋಗಲ್ಲ. ಕೇಸು ಮುಂದುವರಿದಿದ್ದರೆ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡೋ ಹೇಳಿಕೆ) ಕೊಡಬೇಕಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಹಾಗಂತ ಹೇಳಿದೆ. ಸಂಬಳ ಮುಚ್ಚಿಡೋಕೆ ನೋಡೋರು ಇದನ್ನು ನೆನಪಿಟ್ಟುಕೊಳ್ಳಿ.

ಮೂರು ಸಿಟ್ಟಿಂಗ್‌ನಲ್ಲಿ ಮುಗಿಯಿತು. ಒಪ್ಪಂದಕ್ಕೆ ಸಹಿ ಹಾಕಿದೆವು, ಜಡ್ಜ್ ಅದನ್ನೇ ಆದೇಶ ಮಾಡಿದರು. ಹಾಗಾಗಿ ದುಡ್ಡು ತಪ್ಪಿಸಿದರೆ ಅವಳು ಮತ್ತೆ ಕೋರ್ಟಿಗೆ ಹೋಗಬಹುದು.

ಹೋಗೋರು ಫೀಸಿನ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮೊದಲೇ ಜೆರಾಕ್ಸ್ ಮಾಡಿಸ್ಕೊಂಡು ಹೋಗಿ. ನಾನು ಕಡೇ ಗಳಿಗೆಯಲ್ಲಿ ಮಾಡಿಸಿದ ಅಂಗಡಿಗೆ ಮಾತ್ರ ಒಂದೇ ಸ್ಟಾರ್, ಅರ್ಧ ಅಕ್ಷರ ಮಸಿ. ಭಾವಂದಿರನ್ನು ಮನೆಯಲ್ಲೇ ಬಿಟ್ಟು ಹೋಗಿ. ನಮ್ಮ ಭಾವ ಇನ್ನೂ ಆ ಬೆಂಚಿನ ವಿಷಯ ಮರೆತಿಲ್ಲ.