ನೋವಿಗೆ ಮೆದುಳಿನೊಳಗೆ ತಂತಿ: ಸೋಮವಾರಪೇಟೆ ಕಡೆಯಿಂದ ಒಂದು ರಿವ್ಯೂ

ಪಾರ್ಕಿನ್ಸನ್ಸ್ ಕಾಯಿಲೆಗೆ ಮಾಡುವ ಡಿಬಿಎಸ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅದೇ ಆಪರೇಷನ್ ಅನ್ನು, ಅಂದರೆ ಮೆದುಳಿನ ಒಳಗೆ ತೆಳು ತಂತಿ ಇಟ್ಟು ಸಣ್ಣ ಕರೆಂಟ್ ಕೊಡುವುದನ್ನು, ನರದ ನೋವಿಗೆ ಮಾಡಿಸಿದವರು ನಮ್ಮ ಕಡೆ ಚಿಕ್ಕಪ್ಪ ಬಿಟ್ಟರೆ ಬೇರೆ ಯಾರೂ ನನಗೆ ಸಿಕ್ಕಿಲ್ಲ. ಮಾಡಿಸಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಬೈಗುಳವೂ ಇರೋದರಿಂದ ಹೆಸರು ಬೇಡ.

ಚಿಕ್ಕಪ್ಪ ಕರಿಮೆಣಸು ಕುಯ್ಯುವಾಗ ಏಣಿ ಜಾರಿ ಸಿಲ್ವರ್ ಮರದಿಂದ ಬಿದ್ದವರು. ಬೀಳುವಾಗ ಬಲಗೈ ಕೊಂಬೆಗೆ ಸಿಕ್ಕಿ ಜಗ್ಗಿದ ಏಟಿಗೆ, ಕೈಗೆ ಬರುವ ನರಗಳು ಕತ್ತಿನ ಹತ್ತಿರ ಬೆನ್ನುಹುರಿಯಿಂದ ಬೇರು ಸಮೇತ ಕಿತ್ತು ಬಂದಿದ್ದವು. ಚಿವುಟಿದರೂ ಗೊತ್ತಾಗದ ಕೈ ಅದು. ಆದರೆ ಅದೇ ಕೈ ಹಗಲು ರಾತ್ರಿ ಉರಿಯುತ್ತಿತ್ತು, ನಡುನಡುವೆ ಬೆರಳ ತುದಿ ತನಕ ಕರೆಂಟ್ ಹೊಡೆದ ಹಾಗೆ ಛಳಕು. ಗ್ಯಾಬಪೆಂಟಿನ್, ಪ್ರೆಗಾಬಲಿನ್, ಅಮಿಟ್ರಿಪ್ಟಿಲಿನ್ ಎಲ್ಲಾ ಆಯಿತು. ಮಾತ್ರೆ ಜಾಸ್ತಿ ಮಾಡಿದರೆ ಮಂಪರು, ಕಮ್ಮಿ ಮಾಡಿದರೆ ಉರಿ. ಬೆನ್ನುಹುರಿಯಲ್ಲಿ ನರ ಬಂದು ಸೇರುವ ಜಾಗವನ್ನೇ ಸುಡುವ ಡ್ರೆಜ್ ಅನ್ನೋ ಆಪರೇಷನ್ ಕೂಡ ಆಗಿತ್ತು, ಸ್ವಲ್ಪ ಕಾಲ ಆರಾಮಿದ್ದರು, ಆಮೇಲೆ ನೋವು ವಾಪಸ್ ಬಂತು. ಡಿಬಿಎಸ್ ಮಾತು ಬಂದಿದ್ದು ಅಷ್ಟೆಲ್ಲ ಆದ ಮೇಲೆ.

ಡಾಕ್ಟರಿಗೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಮೊದಲ ದಿನವೇ ಕೂರಿಸಿಕೊಂಡು ಹೇಳಿದರು, ಇದು ಗ್ಯಾರಂಟಿ ಕೆಲಸ ಅಲ್ಲ ಅಂತ. ನೋವಿಗೆ ಡಿಬಿಎಸ್ ಹೊಸದೇನಲ್ಲ, 1970ರ ದಶಕದಿಂದ ಮಾಡುತ್ತಿದ್ದಾರೆ. ಆದರೆ ಅಮೆರಿಕದಲ್ಲಿ ಮಾಡಿದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಕನಿಷ್ಠ ಅರ್ಧ ಜನಕ್ಕೆ ಒಂದು ವರ್ಷದ ನಂತರವೂ ಅರ್ಧದಷ್ಟು ನೋವು ಇಳಿದಿರಬೇಕು ಅನ್ನೋ ಗುರಿ ಮುಟ್ಟಲಿಲ್ಲ. ಆ ಲೆಕ್ಕ 2001ರಲ್ಲಿ ಪ್ರಕಟವಾಯಿತು. ಹಾಗಾಗಿ 2002ರಲ್ಲಿ ಪಾರ್ಕಿನ್ಸನ್ಸ್‌ಗೆ ಅಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕರೂ ನೋವಿಗೆ ಸಿಗಲಿಲ್ಲ. ಯಾವ ಚಿಕಿತ್ಸೆ ಕೊಡಬಹುದು ಅಂತ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ ಮಾತ್ರ 2011ರಲ್ಲಿ, ಬೇರೆ ಯಾವುದೂ ನಾಟದ ರೋಗಿಗಳನ್ನು ನೋವಿನ ತಜ್ಞರ ತಂಡ ಆರಿಸಿದರೆ ಮಾಡಬಹುದು ಅಂತ ಹೇಳಿತು. ಇಷ್ಟೂ ಹೇಳಿ, ಯೋಚನೆ ಮಾಡಿಕೊಂಡು ಬನ್ನಿ ಅಂದರು. ಆಪರೇಷನ್ ಮಾರೋ ಆಸೆ ಇದ್ದವರು ಹೀಗೆ ಮಾತಾಡಲ್ಲ, ಅಲ್ವಾ?

ಆಪರೇಷನ್ ದಿನದ ವಿಷಯ ಚಿಕ್ಕಪ್ಪನ ಬಾಯಲ್ಲೇ ಕೇಳಬೇಕು. ತಲೆಗೆ ಲೋಹದ ಚೌಕಟ್ಟು ಬಿಗಿದು (ಅವರಿಗೆ ಎಲ್ಲಕ್ಕಿಂತ ಕಷ್ಟ ಅನಿಸಿದ್ದು ಈ ಸ್ಕ್ರೂ ಬಿಗಿಯೋದೇ) ಸ್ಕ್ಯಾನ್ ಮಾಡಿದರು. ಆಮೇಲೆ ಎಚ್ಚರ ಇರುವಾಗಲೇ ತಲೆಯ ಎಡಭಾಗದಲ್ಲಿ (ಬಲಗೈಯ ಸ್ಪರ್ಶ ಹೋಗೋದು ಮೆದುಳಿನ ಎಡಭಾಗಕ್ಕೆ) ತೂತು ಕೊರೆದು ತಂತಿ ಇಳಿಸಿದರು. ಮೆದುಳಿಗೆ ಸ್ವತಃ ನೋವು ಗೊತ್ತಾಗಲ್ಲವಂತೆ. ತಂತಿ ಹೋಗಬೇಕಾದದ್ದು ಮೆದುಳಿನ ಆಳದಲ್ಲಿರುವ ಥಲಾಮಸ್ ಅನ್ನೋ ಭಾಗದಲ್ಲಿ ಕೈಯ ಸ್ಪರ್ಶ ಬಂದು ಸೇರುವ ಜಾಗಕ್ಕೆ. "ಈಗ ಎಲ್ಲಿ ಜುಮ್ ಅಂತಿದೆ ಹೇಳಿ" ಅಂತ ಡಾಕ್ಟರ್ ಕೇಳಿದಾಗ ಚಿಕ್ಕಪ್ಪ "ತುಟಿ ಪಕ್ಕದಲ್ಲಿ ಸಾರ್" ಅಂದರಂತೆ. ಮುಖದ ಜಾಗ ಕೈಯ ಜಾಗಕ್ಕೆ ಒತ್ತಿಕೊಂಡೇ ಇದೆ, ಮಧ್ಯಕ್ಕೆ ಸ್ವಲ್ಪ ಹತ್ತಿರ. ಚೂರು ಆಚೆ ಸರಿಸಿದ ಮೇಲೆ ಹೆಬ್ಬೆರಳು ಜುಮ್ ಅಂತು. ಬಿದ್ದಾಗಿನಿಂದ ಏನೂ ತಾಗದ ಹೆಬ್ಬೆರಳು! ಅದನ್ನು ಹೇಳುವಾಗ ಈಗಲೂ ಎಡಗೈಯಲ್ಲಿ ಆ ಬೆರಳನ್ನು ಹಿಡಿದು ತೋರಿಸುತ್ತಾರೆ.

ಅಷ್ಟಕ್ಕೇ ತಂತಿಗೆ ಕರೆಂಟ್ ಕೊಡುವ ಬ್ಯಾಟರಿ ಕೂರಿಸಲಿಲ್ಲ. ತಂತಿಯ ತುದಿ ಹೊರಗೇ ಬಿಟ್ಟು ಕೆಲವು ದಿನ ಪರೀಕ್ಷೆ ಮಾಡಿ, ನೋವು ನಿಜವಾಗಿ ಇಳಿದಿದೆ ಅಂತ ಖಾತ್ರಿಯಾದ ಮೇಲೆ ಅದನ್ನು ಕಾಲರ್ ಮೂಳೆ ಕೆಳಗೆ ಇಟ್ಟರು. ಈ ಪರೀಕ್ಷೆ ಇಲ್ಲದೆ ಒಂದೇ ಸಲಕ್ಕೆ ಮುಗಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಬಿಡದೆ ಕೇಳಿ. ತಲೆಯಲ್ಲಿ ರಕ್ತಸ್ರಾವ, ಇನ್ಫೆಕ್ಷನ್, ತಂತಿ ತುಂಡಾಗೋದು, ಇವೆಲ್ಲ ಇರುವ ಅಪಾಯಗಳೇ.

ಈಗ ಹೇಗಿದ್ದಾರೆ ಅಂದರೆ, ಉರಿ ಚೆನ್ನಾಗಿ ಇಳಿದಿದೆ, ರಾತ್ರಿ ನಿದ್ದೆ ಬರುತ್ತದೆ, ಮಾತ್ರೆ ಕಮ್ಮಿಯಾಗಿದೆ. ಛಳಕು ಮಾತ್ರ ಹೋಗಿಲ್ಲ. ಕೈಗೆ ಬಲವೂ ಬಂದಿಲ್ಲ, ಅದು ಇದರಿಂದ ಬರೋದೂ ಇಲ್ಲ.

ಇನ್ನು ಬೈಗುಳ. ಇನ್ಶೂರೆನ್ಸ್ ಕೌಂಟರಿನವರು "ಡಿಬಿಎಸ್ ಕವರ್ ಆಗುತ್ತೆ" ಅಂತ ಸುಮ್ನೆ ತಲೆಯಾಡಿಸಿದ್ದರು. ಡಿಸ್ಚಾರ್ಜ್ ಹೊತ್ತಿಗೆ ನೋವಿಗಾದರೆ ಆಗಲ್ಲ ಅಂದರು. ಹಲವು ಲಕ್ಷದ ಬಿಲ್ಲು, ಕೊನೆಗೆ ಕಾಫಿ ಮಾರಿದ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಒಪ್ಪಿಗೆಯನ್ನು ಕಾಗದದಲ್ಲಿ ತೆಗೆದುಕೊಳ್ಳದೆ ಅಡ್ಮಿಟ್ ಆಗಬೇಡಿ.

ಬ್ಯಾಟರಿ ಎರಡು ಥರ ಇದೆ. ಚಾರ್ಜ್ ಮಾಡದ್ದು ಕೆಲವೇ ವರ್ಷಕ್ಕೆ ಮುಗಿಯುತ್ತದೆ, ಮತ್ತೆ ಎದೆ ಕುಯ್ದು ಬದಲಿಸಬೇಕು. ನಾವು ಚಾರ್ಜ್ ಮಾಡುವುದನ್ನೇ ತೆಗೆದುಕೊಂಡೆವು, ದುಡ್ಡು ಜಾಸ್ತಿ. ನಮ್ಮೂರಲ್ಲಿ ಜುಲೈ ಮಳೆಗೆ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತೋ ದೇವರಿಗೇ ಗೊತ್ತು. ಅದಕ್ಕೇ ಇನ್ವರ್ಟರ್ ಹಾಕಿಸಿದೆವು. ಚಿಕ್ಕಪ್ಪ ಎದೆಗೆ ಚಾರ್ಜರ್ ಪಟ್ಟಿ ಕಟ್ಟಿಕೊಂಡು ಟಿವಿ ನೋಡುತ್ತಾ ಕೂರುತ್ತಾರೆ. ಮೋಡ ಕಟ್ಟಿದರೆ ಚಿಕ್ಕಮ್ಮನೇ "ರೀ, ಮೊದಲು ಚಾರ್ಜ್ ಮಾಡ್ಕೊಳ್ಳಿ" ಅಂತ ಪಟ್ಟಿ ತಂದು ಕೊಡುತ್ತಾರೆ. ಕರೆಂಟ್ ಎಷ್ಟು ಕೊಡಬೇಕು ಅಂತ ಹೊಂದಿಸಲು ಮೊದಲ ವರ್ಷ ಪದೇ ಪದೇ ಬೆಂಗಳೂರಿಗೆ ಹೋಗಬೇಕು, ಕೊಡಗಿಗೆ ರೈಲೂ ಇಲ್ಲ, ಕುಶಾಲನಗರದ ಮೇಲೆ ಬಸ್ಸೇ ಗತಿ. ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಫಿಸಿಯೋಥೆರಪಿಗೆ ಹೋದರೆ ಡಯಾಥರ್ಮಿ ಅನ್ನೋ ಶಾಖದ ಮೆಷಿನ್ ಹತ್ತಿರವೂ ಸುಳಿಯಬಾರದು. ತಂತಿ ಕಾದು ಮೆದುಳಿಗೇ ಪೆಟ್ಟಾಗುತ್ತದೆ. ಆಸ್ಪತ್ರೆ ಕೊಟ್ಟ ಕಾರ್ಡ್ ಸದಾ ಜೇಬಿನಲ್ಲಿರಲಿ, ಎಂಆರ್‌ಐ ಮಾಡಿಸೋ ಮೊದಲು ಅದನ್ನು ತೋರಿಸಲೇಬೇಕು.

ಊರಲ್ಲಿ ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರೆಲ್ಲ ಈಗ ನನ್ನನ್ನು ಹಿಡಿದು ಕೇಳುತ್ತಾರೆ, ನಮಗೂ ಇದಾಗುತ್ತಾ ಅಂತ. ತಲೆಗೆ ಕೈ ಹಾಕಿಸಬೇಡಿ. ಮೊದಲು ಸಕ್ಕರೆ ಹತೋಟಿ, ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಬೆನ್ನುಹುರಿಗೆ ಇಡುವ ಸ್ಟಿಮ್ಯುಲೇಟರ್ ಬೇರೆ ಇದೆ, ಪಾದದ ಉರಿಗೆ ಅದಕ್ಕೆ 2021ರಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿದೆ. ಅದರ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.