ಗರ್ಭಸ್ಥ ಶಿಶುವಿನ ಕರುಳಿನ ತಿರುವು ತೋರಿಸುವ ಮಾದರಿ ಪೆಟ್ಟಿಗೆ: ತಿರುವಿಗೆ ಪೂರ್ಣ ಅಂಕ, ಪೊರೆಗೆ ಅರ್ಧ

ಉದರದ ಅಂಗಗಳು ಮತ್ತು ಅವನ್ನು ಆವರಿಸುವ ಪೆರಿಟೋನಿಯಮ್ ಪೊರೆ ಗರ್ಭದಲ್ಲಿ ರೂಪುಗೊಳ್ಳುವ ಬಗೆಯನ್ನು ಕೈಯಲ್ಲಿ ತಿರುಗಿಸಿ ತಿಳಿಯುವಂತೆ ಮಾಡಿದ ಬೋಧನಾ ಮಾದರಿಯೊಂದನ್ನು ಈ ವರ್ಷ ನಮ್ಮ ಅಂಗರಚನಾ ವಿಭಾಗಕ್ಕೆ ತರಿಸಿಕೊಂಡೆವು. ಒಂದು ಮರದ ಹಲಗೆ, ಅದರ ಮೇಲೆ ನಿಲ್ಲಿಸಿದ ಲೋಹದ ಕಡ್ಡಿಗಳು, ಮೆತ್ತನೆಯ ಸಿಲಿಕಾನ್ ಕರುಳು, ಅಯಸ್ಕಾಂತದಿಂದ ಅಂಟಿಕೊಳ್ಳುವ ಯಕೃತ್ತು, ಗುಲ್ಮ ಮತ್ತು ಮೇದೋಜೀರಕ ಗ್ರಂಥಿಯ ತುಂಡುಗಳು, ಪೊರೆಯ ಬದಲಿಗೆ ತೆಳುವಾದ ಬಿಳಿ ಬಟ್ಟೆ, ಜೊತೆಗೊಂದು ಕೈಪಿಡಿ: ಇಷ್ಟು ಪೆಟ್ಟಿಗೆಯಲ್ಲಿ ಬರುತ್ತವೆ. ಬೆಲೆ ಒಂದು ಸಾಧಾರಣ ಸೂಕ್ಷ್ಮದರ್ಶಕದಷ್ಟೇ ಇರುವುದರಿಂದ, ಕೊಳ್ಳುವ ಮೊದಲು ಇದು ಏನನ್ನು ಚೆನ್ನಾಗಿ ಕಲಿಸುತ್ತದೆ, ಏನನ್ನು ಕಲಿಸುವುದಿಲ್ಲ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಇದರ ದೊಡ್ಡ ಗೆಲುವನ್ನು ಹೇಳಬೇಕು. ನಡುಗರುಳಿನ (ಭ್ರೂಣದ ಕರುಳಿನ ನಡುವಣ ಭಾಗದ) ತಿರುವನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಸಾಧನವನ್ನು ನಾನು ನೋಡಿಲ್ಲ. ಆರನೆಯ ವಾರದ ಹೊತ್ತಿಗೆ ಕರುಳು ಎಷ್ಟು ಬೇಗ ಉದ್ದವಾಗುತ್ತದೆ ಮತ್ತು ಯಕೃತ್ತು ಎಷ್ಟು ಜಾಗ ಹಿಡಿಯುತ್ತದೆ ಎಂದರೆ, ಹೊಟ್ಟೆಯೊಳಗೆ ಸ್ಥಳ ಸಾಲದೆ ಕರುಳಿನ ಕುಣಿಕೆ ಹೊಕ್ಕುಳಬಳ್ಳಿಯೊಳಕ್ಕೆ ಚಾಚುತ್ತದೆ. ಹತ್ತನೆಯ ವಾರದಲ್ಲಿ ಮರಳಿ ಬರುತ್ತದೆ. ಈ ಹೋಗಿಬರುವ ಅವಧಿಯಲ್ಲಿ ಅದು ತನಗೆ ರಕ್ತ ಒದಗಿಸುವ ಸುಪೀರಿಯರ್ ಮೆಸೆಂಟರಿಕ್ ಅಪಧಮನಿಯನ್ನು ಅಕ್ಷವಾಗಿಟ್ಟುಕೊಂಡು, ಮುಂದಿನಿಂದ ನೋಡುವವರಿಗೆ ಅಪ್ರದಕ್ಷಿಣವಾಗಿ, ಮೊದಲು 90 ಡಿಗ್ರಿ, ಮರಳುವಾಗ 180 ಡಿಗ್ರಿ, ಒಟ್ಟು 270 ಡಿಗ್ರಿ ತಿರುಗುತ್ತದೆ. ಪೆಟ್ಟಿಗೆಯಲ್ಲಿ ಆ ಅಪಧಮನಿ ಹಲಗೆಗೆ ಬಿಗಿದ ಕೆಂಪು ಕಡ್ಡಿ; ವಿದ್ಯಾರ್ಥಿ ತನ್ನ ಕೈಯಿಂದಲೇ ಕುಣಿಕೆಯನ್ನು ಅದರ ಸುತ್ತ ತಿರುಗಿಸುತ್ತಾನೆ. ತಿರುವು ಮುಗಿದಾಗ ಡುವೋಡಿನಮ್ಮಿನ (ಸಣ್ಣ ಕರುಳಿನ ಆರಂಭದ ಭಾಗದ) ಮೂರನೆಯ ಭಾಗ ಕಡ್ಡಿಯ ಹಿಂದೆಯೂ ಅಡ್ಡ ದೊಡ್ಡ ಕರುಳು ಕಡ್ಡಿಯ ಮುಂದೆಯೂ ಬಂದು ನಿಲ್ಲುತ್ತವೆ. ವರ್ಷಗಟ್ಟಲೆ ಬಾಯಿಪಾಠವಾಗಿ ಉಳಿದಿದ್ದ ಈ ಸಂಗತಿ ಒಂದು ತರಗತಿಯಲ್ಲೇ ಕೈಗೆ ಸಿಗುತ್ತದೆ. ಮರಳುವಾಗ ಜೆಜುನಮ್ (ಸಣ್ಣ ಕರುಳಿನ ನಡುಭಾಗ) ಮೊದಲು ಬಂದು ಎಡಕ್ಕೆ ಸರಿಯುವುದು, ಸೀಕಮ್ (ದೊಡ್ಡ ಕರುಳಿನ ಆರಂಭದ ಚೀಲ) ಕೊನೆಗೆ ಬಂದು ಯಕೃತ್ತಿನ ಕೆಳಗೆ ತಂಗಿ ಆಮೇಲೆ ಬಲ ಕಿಬ್ಬೊಟ್ಟೆಗೆ ಇಳಿಯುವುದು, ಇವನ್ನೂ ಕೈಪಿಡಿ ಸರಿಯಾದ ಕ್ರಮದಲ್ಲಿ ಹೇಳಿದೆ.

ತಯಾರಕರು ತಪ್ಪು ತಿರುವುಗಳಿಗೂ ಅವಕಾಶ ಬಿಟ್ಟಿರುವುದು ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಯಿತು. 90 ಡಿಗ್ರಿಗೇ ನಿಲ್ಲಿಸಿದರೆ ದೊಡ್ಡ ಕರುಳೆಲ್ಲ ಎಡಕ್ಕೆ ಉಳಿಯುತ್ತದೆ. ಹಿಮ್ಮುಖವಾಗಿ ತಿರುಗಿಸಿದರೆ ಅಡ್ಡ ಕರುಳು ಅಪಧಮನಿಯ ಹಿಂದೆ ಸಿಕ್ಕಿಕೊಳ್ಳುತ್ತದೆ. ತಿರುವು ಅರ್ಧಕ್ಕೆ ನಿಂತ ಮಗುವಿನಲ್ಲಿ ಮೆಸೆಂಟರಿಯ (ಕರುಳನ್ನು ಹೊಟ್ಟೆಯ ಹಿಂಗೋಡೆಗೆ ತೂಗುಹಾಕುವ ಪೊರೆಯ) ಬುಡ ಕಿರಿದಾಗಿ, ಇಡೀ ಸಣ್ಣ ಕರುಳು ಆ ಕಿರಿದಾದ ಬುಡದ ಮೇಲೆ ಹುರಿಗೊಂಡು ರಕ್ತಸಂಚಾರ ಕಡಿದುಕೊಳ್ಳಬಹುದು. ನವಜಾತ ಶಿಶು ಹಸಿರು ಪಿತ್ತ ವಾಂತಿ ಮಾಡಿದರೆ ವೈದ್ಯರು ತಡಮಾಡದೆ ಧಾವಿಸುವುದು ಈ ಕಾರಣಕ್ಕೆ. ಬಾಸ್ಟನ್ನಿನ ಶಸ್ತ್ರವೈದ್ಯ ವಿಲಿಯಂ ಲ್ಯಾಡ್ 1936ರಲ್ಲಿ ವಿವರಿಸಿದ ಶಸ್ತ್ರಕ್ರಿಯೆಯಲ್ಲಿ, ಸೀಕಮ್ಮಿನಿಂದ ಡುವೋಡಿನಮ್ಮಿನ ಮೇಲೆ ಅಡ್ಡಹಾಯುವ ಪೊರೆಯ ಪಟ್ಟಿಗಳನ್ನು ಕತ್ತರಿಸಿ ಬುಡವನ್ನು ಅಗಲಗೊಳಿಸುತ್ತಾರೆ. ಮಾದರಿಯ ಕರುಳನ್ನು ಅರ್ಧ ತಿರುವಿನಲ್ಲಿ ಬಿಟ್ಟು ಕೈಯಲ್ಲಿ ಹುರಿಗೊಳಿಸಿದರೆ ಅಪಾಯ ಕಣ್ಣಿಗೆ ಕಟ್ಟುತ್ತದೆ. ಆದರೆ ಲ್ಯಾಡ್ ಪಟ್ಟಿಗೆಂದು ತುಣುಕು ಬಟ್ಟೆಯನ್ನೂ ಕೊಟ್ಟಿಲ್ಲ.

ಜಠರದ ಭಾಗವೂ ಬಹುಪಾಲು ಸರಿಯಾಗಿದೆ. ಜಠರ ತನ್ನ ಉದ್ದನೆಯ ಅಕ್ಷದ ಸುತ್ತ 90 ಡಿಗ್ರಿ ತಿರುಗಿದಾಗ ಎಡ ಮೈ ಮುಂದಕ್ಕೂ ಬಲ ಮೈ ಹಿಂದಕ್ಕೂ ಬರುತ್ತವೆ. ಎಡ ವೇಗಸ್ ನರ ಜಠರದ ಮುಂಭಾಗವನ್ನೂ ಬಲ ವೇಗಸ್ ಹಿಂಭಾಗವನ್ನೂ ಸೇರುವುದಕ್ಕೆ ಇದೇ ಕಾರಣ. ಎರಡು ಬಣ್ಣದ ದಾರಗಳನ್ನು ಅಂಟಿಸಿ ಇದನ್ನು ತೋರಿಸಿರುವುದು ಸಣ್ಣ ಕೆಲಸ, ಆದರೆ ಯೋಚಿಸಿ ಮಾಡಿದ ಕೆಲಸ. ಕೈಪಿಡಿ ಮಾತ್ರ ಈ ತಿರುವನ್ನು ‘ಪ್ರದಕ್ಷಿಣ’ ಎಂದಷ್ಟೇ ಬರೆದು ಬಿಟ್ಟಿದೆ. ತಲೆಯ ಕಡೆಯಿಂದ ನೋಡಿದರೆ ಅದು ಪ್ರದಕ್ಷಿಣ, ಸಿಟಿ ಸ್ಕ್ಯಾನ್ ಓದುವವರಂತೆ ಕಾಲಿನ ಕಡೆಯಿಂದ ನೋಡಿದರೆ ಅಪ್ರದಕ್ಷಿಣ. ನೋಡುವ ದಿಕ್ಕನ್ನು ಹೇಳದ ಬಾಣದ ಗುರುತು ವಿದ್ಯಾರ್ಥಿಯನ್ನು ಇನ್ನಷ್ಟು ಗೊಂದಲಕ್ಕೆ ದೂಡುತ್ತದೆ.

ಯಕೃತ್ತು ನಿರಾಶೆ ತರುತ್ತದೆ. ಹತ್ತನೆಯ ವಾರದಲ್ಲಿ ಅದು ದೇಹದ ತೂಕದ ಸುಮಾರು ಶೇ 10ರಷ್ಟಿರುತ್ತದೆ, ರಕ್ತಕಣಗಳನ್ನು ತಯಾರಿಸುವ ಹೊಣೆಯೂ ಆಗ ಅದರದೇ. ಅದೇ ವಾರದ್ದೆಂದು ಕೊಟ್ಟಿರುವ ತುಂಡು ನೆಲ್ಲಿಕಾಯಿಯಷ್ಟಿದ್ದು, ಕರುಳು ಹೊರಹೋಗಬೇಕಾದ ಅನಿವಾರ್ಯತೆಯೇ ಇಲ್ಲಿ ಕಾಣದಂತಾಗಿದೆ. ಮೇಲಾಗಿ ಅದು ಎಲ್ಲ ಕಡೆಯೂ ಒಂದೇ ಸಮ ಹೊಳೆಯುತ್ತದೆ. ಮುಂಗರುಳಿನಿಂದ ಚಿಗುರಿದ ಯಕೃತ್ತು, ಭ್ರೂಣದ ಎದೆ ಮತ್ತು ಹೊಟ್ಟೆಯ ನಡುವಿನ ಅಡ್ಡ ಅಂಗಾಂಶವಾದ ಸೆಪ್ಟಮ್ ಟ್ರಾನ್ಸ್‌ವರ್ಸಮ್ಮಿನೊಳಗೆ ಬೆಳೆಯುವುದರಿಂದ ಅದರ ಮುಂದಿನ ಪೊರೆ ಹೊಟ್ಟೆಯ ಮುಂಗೋಡೆಗೆ ಸೇರುವ ಫಾಲ್ಸಿಫಾರ್ಮ್ ಲಿಗಮೆಂಟ್ ಆಗುತ್ತದೆ, ಹಿಂದಿನದು ಜಠರಕ್ಕೆ ಸೇರುವ ಕಿರಿಯ ಒಮೆಂಟಮ್ ಆಗುತ್ತದೆ, ವಪೆಗೆ ನೇರವಾಗಿ ತಾಗಿದ ಮೇಲ್ಭಾಗ ಮಾತ್ರ ಪೊರೆಯಿಲ್ಲದೆ ಬರಿದಾಗಿ ಉಳಿಯುತ್ತದೆ. ಆ ಬರಿದಾದ ಜಾಗವನ್ನು ಒರಟಾಗಿ ಮಾಡಿದ್ದರೆ ಸಾಕಿತ್ತು.

ಗುಲ್ಮದಲ್ಲಿರುವುದು ಮಾತ್ರ ಸ್ಪಷ್ಟ ತಪ್ಪು. ಎಂಡೋಡರ್ಮಿನಿಂದ (ಭ್ರೂಣದ ಒಳಪದರದಿಂದ) ಹುಟ್ಟಿದ್ದಕ್ಕೆ ಹಳದಿ, ಮೀಸೋಡರ್ಮಿನಿಂದ (ನಡುಪದರದಿಂದ) ಹುಟ್ಟಿದ್ದಕ್ಕೆ ಕೆಂಪು ಎಂದು ಕೈಪಿಡಿಯೇ ಬಣ್ಣ ನಿಗದಿ ಮಾಡಿ, ಗುಲ್ಮಕ್ಕೆ ಹಳದಿ ಬಳಿದಿದೆ. ಗುಲ್ಮ ಕರುಳಿನ ಚಿಗುರಲ್ಲ; ಐದನೆಯ ವಾರದಲ್ಲಿ ಜಠರದ ಹಿಂಬದಿಯ ಪೊರೆಯ ಪದರಗಳ ನಡುವೆ ಮೀಸೋಡರ್ಮಿನಿಂದ ಮೂಡುವ ಅಂಗ. ಮಾರಾಟಗಾರರಿಗೆ ಬರೆದು ತಿಳಿಸಿದೆವು, ಉತ್ತರ ಬಂದಿಲ್ಲ. ನಾವೇ ಕೆಂಪು ಬಣ್ಣ ಹಚ್ಚಿಕೊಂಡೆವು. ಮೇದೋಜೀರಕದ ಎರಡು ಮೊಗ್ಗುಗಳ ಜೋಡಣೆಗೆ ತಕರಾರಿಲ್ಲ.

ನನ್ನ ಮುಖ್ಯ ಆಕ್ಷೇಪ ಇರುವುದು ಬಿಳಿ ಬಟ್ಟೆಯ ಬಗ್ಗೆ. ಈ ಪೆಟ್ಟಿಗೆಯ ತಯಾರಕರು ಪೊರೆಯನ್ನು ಅಂಗಗಳಿಗೆ ಹೊದಿಸುವ ಹೊದಿಕೆ ಎಂದಷ್ಟೇ ಎಣಿಸಿದ್ದಾರೆ. ವಾಸ್ತವದಲ್ಲಿ ಪೊರೆಯೂ ಬೆಳೆಯುತ್ತದೆ, ಎಳೆಯುತ್ತದೆ, ಕರುಳಿನ ಆಕಾರವನ್ನೇ ನಿರ್ಧರಿಸುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಥಿಯೆರಿ ಸಾವಿನ್, ಎಲ್. ಮಹಾದೇವನ್, ಕ್ಲಿಫರ್ಡ್ ಟ್ಯಾಬಿನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಳಿ ಭ್ರೂಣದ ಕರುಳನ್ನು ಮೆಸೆಂಟರಿಯಿಂದ ಬಿಡಿಸಿದಾಗ ಸುರುಳಿಗಳೆಲ್ಲ ಬಿಚ್ಚಿ ಕರುಳು ನೇರವಾಯಿತು, ಪೊರೆ ಕುಗ್ಗಿಕೊಂಡಿತು. ಕರುಳು ಬೇಗ ಬೆಳೆದು ಪೊರೆ ನಿಧಾನವಾಗಿ ಬೆಳೆಯುವುದರಿಂದ, ಎಳೆದು ಹಿಡಿದ ಎಲಾಸ್ಟಿಕ್ಕನ್ನು ಲಂಗದ ಸೊಂಟಕ್ಕೆ ಹೊಲಿದು ಬಿಟ್ಟಾಗ ಬಟ್ಟೆ ನೆರಿಗೆಗಟ್ಟುವಂತೆ ಕರುಳು ಸುರುಳಿಗಟ್ಟುತ್ತದೆ. ಎಳೆದು ಹಿಡಿದ ರಬ್ಬರ್ ಹಾಳೆಯ ಅಂಚಿಗೆ ರಬ್ಬರ್ ಕೊಳವೆಯನ್ನು ಹೊಲಿದು ಬಿಟ್ಟು, ಅದೇ ಬಗೆಯ ಸುರುಳಿಗಳನ್ನು ಆ ತಂಡ ಮೇಜಿನ ಮೇಲೂ ಮೂಡಿಸಿತ್ತು. ಹಿಗ್ಗದ ಹತ್ತಿಬಟ್ಟೆಯ ಬದಲು ಅಂಥ ಹಾಳೆ ಇಟ್ಟಿದ್ದರೆ ಸುರುಳಿಗಳು ತಾವಾಗಿಯೇ ಮೂಡುತ್ತಿದ್ದವು; ಈಗ ವಿದ್ಯಾರ್ಥಿಗಳು ಕರುಳನ್ನು ಕೈಯಿಂದ ಮಡಚಿ, ಗುಂಡಿ ಹಾಕಿ ನಿಲ್ಲಿಸಬೇಕಾಗಿದೆ.

ಪೊರೆಗಳು ಒಂದಕ್ಕೊಂದು ಬೆಸೆಯುವುದನ್ನು ತೋರಿಸಲು ವೆಲ್ಕ್ರೋ ಬಳಸಿರುವುದು ಒಳ್ಳೆಯ ಆಲೋಚನೆಯೇ. ಏರು ಮತ್ತು ಇಳಿ ದೊಡ್ಡ ಕರುಳುಗಳ ಮೆಸೆಂಟರಿ ಹಿಂಗೋಡೆಗೆ ಒತ್ತಿ ಅಂಟಿಕೊಳ್ಳುವ ಆ ಪದರಕ್ಕೆ ಅಂಗರಚನಾ ತಜ್ಞ ಕಾರ್ಲ್ ಟೋಲ್ಟ್ ಅವರ ಹೆಸರಿದೆ. ಅಂಟಿಕೊಂಡ ಮೇಲೂ ಮೆಸೆಂಟರಿ ಮಾಯವಾಗುವುದಿಲ್ಲ ಎಂದು ಅವರು 19ನೆಯ ಶತಮಾನದಲ್ಲೇ ತೋರಿಸಿದ್ದರು. ಐರ್ಲೆಂಡಿನ ಲಿಮರಿಕ್‌ನ ಶಸ್ತ್ರವೈದ್ಯ ಕ್ಯಾಲ್ವಿನ್ ಕಾಫಿ 2016ರಲ್ಲಿ ಮೆಸೆಂಟರಿಯನ್ನು ಅಖಂಡವಾದ ಒಂದು ಅಂಗವೆಂದೇ ಕರೆಯಬೇಕೆಂದು ವಾದಿಸಿದಾಗ ಪತ್ರಿಕೆಗಳಲ್ಲಿ ಎದ್ದ ಸದ್ದು ಅನೇಕರಿಗೆ ನೆನಪಿರಬಹುದು. ಶಸ್ತ್ರವೈದ್ಯರು ಇಂದಿಗೂ ಆ ಬೆಸುಗೆಯ ಪದರದಲ್ಲೇ ಬಿಡಿಸಿಕೊಂಡು ಹೋಗಿ, ಹೆಚ್ಚು ರಕ್ತಸ್ರಾವವಿಲ್ಲದೆ ದೊಡ್ಡ ಕರುಳನ್ನು ಮೇಲೆತ್ತುತ್ತಾರೆ. ಆದರೆ ಪೆಟ್ಟಿಗೆಯಲ್ಲಿ ವೆಲ್ಕ್ರೋ ಇರುವುದು ದೊಡ್ಡ ಕರುಳಿಗೆ ಮಾತ್ರ. ಡುವೋಡಿನಮ್ ಮತ್ತು ಮೇದೋಜೀರಕ ಮೊದಲಿನಿಂದಲೂ ಹಲಗೆಗೆ ಅಂಟಿಕೊಂಡೇ ಇವೆ. ಹಾಗಾಗಿ ಹುಟ್ಟಿನಿಂದಲೇ ಪೊರೆಯ ಹಿಂದಿರುವ ಮೂತ್ರಪಿಂಡಕ್ಕೂ, ಪೊರೆಯಲ್ಲಿ ತೂಗುತ್ತಿದ್ದು ಆಮೇಲೆ ಹಿಂದಕ್ಕೆ ಸರಿದ ಈ ಅಂಗಗಳಿಗೂ ಇರುವ ವ್ಯತ್ಯಾಸ ಅಳಿಸಿಹೋಗಿದೆ. ಜಠರದಿಂದ ಕರುಳಿನ ಮುಂದೆ ಇಳಿಬೀಳುವ ಹಿರಿಯ ಒಮೆಂಟಮ್ಮಿನ ನಾಲ್ಕು ಪದರಗಳನ್ನು ಒಂದೇ ಬಟ್ಟೆಯಲ್ಲಿ ಮುಗಿಸಿರುವುದೂ ಇದೇ ಉದಾಸೀನಕ್ಕೆ ಸಾಕ್ಷಿ.

ಕೈಪಿಡಿ ಇಂಗ್ಲಿಷಿನಲ್ಲಷ್ಟೇ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ಅಥವಾ ವೈದ್ಯಕೀಯ ಮೊದಲ ವರ್ಷಕ್ಕೆ ಬಂದವರಿಗಾಗಿ ನಾವು ಹಂತಗಳ ಕನ್ನಡ ಹಾಳೆಯೊಂದನ್ನು ಬರೆದು ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಸಿಲಿಕಾನ್ ಗಟ್ಟಿಯಾಗಿದೆ, ಅಯಸ್ಕಾಂತಗಳು ಸಡಿಲವಾಗಿಲ್ಲ, ವೆಲ್ಕ್ರೋ ಮಾತ್ರ ಆಗಲೇ ಸವೆಯತೊಡಗಿದೆ. ಕಾಲೇಜಿನ ವಿಭಾಗಗಳು ನಡುಗರುಳು ಮತ್ತು ಜಠರದ ಪಾಠಕ್ಕಾಗಿ ಇದನ್ನು ಧಾರಾಳವಾಗಿ ಕೊಳ್ಳಬಹುದು. ಒಬ್ಬೊಬ್ಬರೇ ಓದುವ ವಿದ್ಯಾರ್ಥಿಗಳಿಗೆ ಇಷ್ಟು ಬೆಲೆ ತೆರುವಂಥದ್ದೇನಿಲ್ಲ. ಕೊಂಡವರು ಬಿಳಿ ಬಟ್ಟೆಯನ್ನು ತೆಗೆದಿಟ್ಟು, ಅಂಗಡಿಯಲ್ಲಿ ಸಿಗುವ ತೆಳು ರಬ್ಬರ್ ಹಾಳೆಯನ್ನು ಚೆನ್ನಾಗಿ ಎಳೆದು ಹಿಡಿದು ಕರುಳಿನ ಒಳ ಅಂಚಿಗೆ ಹೊಲಿದುಕೊಂಡರೆ ಈ ಪೆಟ್ಟಿಗೆಯ ಬಹುಪಾಲು ಕೊರತೆ ನೀಗುತ್ತದೆ.