ಶಿಶ್ನದ ಕ್ಯಾನ್ಸರ್‌ಗೆ ಅಂಗ ಉಳಿಸುವ ವಿಕಿರಣ ಚಿಕಿತ್ಸೆ: ಕುಮಟಾದಿಂದ ಹೋಗಿ ಬಂದವನ ಅನುಭವ

ಶಿಶ್ನದ ತುದಿಯಲ್ಲಿ ಎದ್ದ ಹುಣ್ಣಿಗೆ ಊರಿನ ಒಂದು ದವಾಖಾನೆಯಲ್ಲಿ ಐದು ತಿಂಗಳು ಬರೀ ಮುಲಾಮು ಕೊಟ್ಟರು. ನಾಚಿಕೆಯಿಂದ ನಾನೂ ಹೆಚ್ಚು ವಿಚಾರಿಸಲಿಲ್ಲ. ಕೊನೆಗೆ ಇನ್ನೊಬ್ಬ ವೈದ್ಯರು ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ, ಕ್ಯಾನ್ಸರ್ ಎಂದು ತಿಳಿಸಿ, ತುದಿಯನ್ನು ಕತ್ತರಿಸಬೇಕೆಂದರು. "ಸಹಿ ಹಾಕುವ ಮೊದಲು ಮತ್ತೊಂದು ಕಡೆ ಕೇಳಿ ನೋಡ್ವ" ಎಂದವಳು ನನ್ನ ಹೆಂಡತಿ. ಇಂಥ ಕಾಯಿಲೆಗೆ ನಮ್ಮ ಜಿಲ್ಲೆಯವರು ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವೆಗೇ ಹೋಗಬೇಕಾಗುತ್ತದೆ. ನಾವು ರೈಲು ಹತ್ತಿ ದಕ್ಷಿಣಕ್ಕೆ ಹೋದೆವು.

ಗಡ್ಡೆ 4 ಸೆಂಟಿಮೀಟರಿಗಿಂತ ಚಿಕ್ಕದಿದ್ದು ತುದಿಗಷ್ಟೇ ಸೀಮಿತವಾಗಿದ್ದುದರಿಂದ, ತೊಡೆಸಂದಿನ ಗ್ರಂಥಿಗಳಿಗೂ ಹರಡದೆ ಇದ್ದುದರಿಂದ, ಅಲ್ಲಿನ ವೈದ್ಯರು ಬ್ರಾಕಿಥೆರಪಿ, ಅಂದರೆ ಗಡ್ಡೆಯೊಳಗಿಂದಲೇ ವಿಕಿರಣ ಕೊಡುವ ಚಿಕಿತ್ಸೆ, ಸಾಧ್ಯವೆಂದರು. ಮೊದಲು ಮುಂದೊಗಲು ತೆಗೆದರು. ಆಮೇಲೆ ಅರಿವಳಿಕೆ ಕೊಟ್ಟು, ಟೊಳ್ಳು ಸೂಜಿಗಳನ್ನು ಗಡ್ಡೆಯ ಮೂಲಕ ಸಾಲಾಗಿ ಹಾಯಿಸಿ, ಶಾವಿಗೆ ಒರಳಿನ ಬಿಲ್ಲೆಯಂತೆ ತೂತುಗಳಿರುವ ಎರಡು ಪಟ್ಟಿಗಳಿಂದ ಅಲುಗದಂತೆ ಬಿಗಿದರು. ಐದು ದಿನ, ದಿನಕ್ಕೆರಡು ಬಾರಿ, ನಡುವೆ ಕನಿಷ್ಠ 6 ತಾಸು ಬಿಟ್ಟು, ವಿಕಿರಣ ಸೂಸುವ, ಅಕ್ಕಿಕಾಳಿಗಿಂತ ಸಣ್ಣದಾದ ಇರಿಡಿಯಂ ಲೋಹದ ತುಣುಕೊಂದು ತಂತಿಯ ತುದಿಯಲ್ಲಿ ಒಂದೊಂದೇ ಸೂಜಿಯೊಳಗೆ ಹೋಗಿ ಬರುತ್ತಿತ್ತು. ಪ್ರತಿ ಸಲವೂ ಅದು ಯಂತ್ರಕ್ಕೇ ಮರಳುವುದರಿಂದ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಹೆಂಡತಿ ನಿಶ್ಚಿಂತೆಯಿಂದ ಪಕ್ಕದಲ್ಲಿ ಕುಳಿತಿರುತ್ತಿದ್ದಳು. ವಿಕಿರಣ ಕೊಡುವಾಗ ನೋವಿರಲಿಲ್ಲ. ಮೂತ್ರ ಹೋಗಲು ಕ್ಯಾತಿಟರ್ ನಳಿಕೆ ಹಾಕಿಕೊಂಡು ಮಗ್ಗುಲೂ ಬದಲಿಸದೆ ಮಲಗುವುದೇ ಕಷ್ಟ.

ಮನೆಗೆ ಬಂದ ಮೇಲೆ ಎರಡು ಮೂರು ವಾರ ಉರಿ ಹೆಚ್ಚಿತು, ಗಾಯ ಒಣಗಲು ಮೂರು ತಿಂಗಳು ಹಿಡಿಯಿತು. ಎಂಟನೆಯ ತಿಂಗಳಲ್ಲಿ ಮೂತ್ರದ ಧಾರೆ ಸಣ್ಣದಾಗಿ, ದ್ವಾರವನ್ನು ಒಮ್ಮೆ ಹಿಗ್ಗಿಸಬೇಕಾಯಿತು. ಇವೆರಡನ್ನೂ ವೈದ್ಯರು ಮೊದಲೇ ಹೇಳಿದ್ದರು. ಹೀಗೆ ಚಿಕಿತ್ಸೆ ಪಡೆದವರಲ್ಲಿ ಐದು ವರ್ಷದ ನಂತರವೂ ನೂರಕ್ಕೆ ಸುಮಾರು 80 ಮಂದಿಯ ಅಂಗ ಉಳಿದಿರುತ್ತದೆ. ಗಡ್ಡೆ ಮರಳಿದರೆ ಆಗಲೂ ಶಸ್ತ್ರಚಿಕಿತ್ಸೆಗೆ ದಾರಿಯಿದೆ ಎಂಬ ಅವರ ಮಾತೇ ನನಗೆ ಧೈರ್ಯ ಕೊಟ್ಟಿದ್ದು.

ಒಂದು ದೂರಿದೆ. ದಾಂಪತ್ಯದ ಬಗ್ಗೆ ನಾನಾಗಿ ಕೇಳುವವರೆಗೆ ಯಾರೂ ಮಾತೆತ್ತಲಿಲ್ಲ, ಕೇಳಿದಾಗ ಉತ್ತರ ಸಿಕ್ಕಿದ್ದು ಹತ್ತು ಜನ ನಿಂತಿದ್ದ ಓಣಿಯಲ್ಲಿ. ಇಂಥ ಮಾತಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು. ಅದೊಂದನ್ನು ಬಿಟ್ಟರೆ ಚಿಕಿತ್ಸೆ ನನಗೆ ಪೂರ್ಣ ಸಮಾಧಾನ ತಂದಿದೆ. ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತೇನೆ.

ಹೋಗುವವರು ವರದಿಯ ಜೊತೆಗೆ ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದು ಒಯ್ಯಿರಿ. ನಾನು ಬರೀ ವರದಿ ಹಿಡಿದು ಹೋಗಿದ್ದರಿಂದ ಸ್ಲೈಡಿಗಾಗಿ ಕುಮಟಾಕ್ಕೆ ಮರಳಬೇಕಾಗಿ, ಎಂಟು ದಿನ ಕಳೆದುಹೋಯಿತು.